ಜರೆಯ ವರ್ಣನೆಯೂ ಬಿಸಿಲಿನ ಪಾಲೂ

ಮುಪ್ಪನ್ನು ವರ್ಣಿಸಹೊರಟ ಭಾರತೀಯ ಕವಿಗೆ ಎರಡು ಸಾಮಗ್ರಿಗಳು ಸದಾ ಕೈಗೆಟುಕುವಂತಿರುತ್ತವೆ. ಒಂದು ಪಲಿತ, ಎಂದರೆ ನರೆ. ಇನ್ನೊಂದು ವಲಿ, ಎಂದರೆ ತೊಗಲಿನ ಸುಕ್ಕು. ಸಂಸ್ಕೃತದಲ್ಲಿ ಇವೆರಡೂ ಕೂಡಿ ವಲೀಪಲಿತವೆಂಬ ಜೋಡಿಪದವಾಗಿದೆ. ರಸಾಯನಗಳ ಫಲವನ್ನು ಹೇಳುವಾಗ ಆಯುರ್ವೇದದ ಗ್ರಂಥಕಾರರೂ ಇದನ್ನೇ ಬಳಸುತ್ತಾರೆ. ಕನ್ನಡದ ನರೆತೆರೆಯೂ ಇಂತಹುದೇ. ಈ ಜೋಡಿಯು ಎಷ್ಟು ರೂಢಿಯಾಗಿದೆಯೆಂದರೆ, ಜೊತೆಯಾಗಿ ಹೇಳಲ್ಪಡುವ ಎರಡಕ್ಕೂ ಕಾರಣವೊಂದೇ, ಅದು ಕಾಲವೇ, ಎಂದು ಕಾವ್ಯವನ್ನು ಓದುವವರೂ ಪಾಠ ಹೇಳುವವರೂ ವಿಚಾರಿಸದೆಯೇ ಒಪ್ಪಿಕೊಂಡು ಬಂದಿದ್ದಾರೆ. ವ್ಯಾಖ್ಯಾನಗಳಲ್ಲಿಯೂ ಈ ಸ್ಥಳಕ್ಕೆ ವಿಶೇಷವಾದ ಟೀಕೆ ಅಪರೂಪ. ಆದರೆ ಚರ್ಮದ ವಿಷಯವಾಗಿ ಈಚಿನ ಶಾಸ್ತ್ರವು ಹೇಳುವುದನ್ನು ಕೇಳಿದರೆ ಈ ಜೋಡಿಯನ್ನು ಬಿಡಿಸಿ ನೋಡಬೇಕಾಗುತ್ತದೆ. ನರೆಯು ಬಹುಮಟ್ಟಿಗೆ ವಯಸ್ಸಿನದು, ವಂಶದ್ದು. ಮುಖದ ತೆರೆಯಾದರೋ ಬಹುಮಟ್ಟಿಗೆ ಬಿಸಿಲಿನದು. ಹಾಗಾದರೆ ಕವಿಗಳು ಕಂಡುದೇನು, ಕಾಣದೆ ಬಿಟ್ಟುದೇನು, ಕಂಡೂ ಹೇಳದೆ ಹೋದುದೇನು ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಮೊದಲು ಶಬ್ದಗಳು. ವಲಿ ಅಥವಾ ವಳಿ ಎಂಬುದು ಕಾವ್ಯದಲ್ಲಿ ಎರಡು ಕಡೆ ಬರುತ್ತದೆ. ನಾಯಿಕೆಯ ನಡುವಿನ ಮೂರು ಮಡಿಕೆಗಳು ತ್ರಿವಳಿ. ಅವು ಸೌಂದರ್ಯದ ಲಕ್ಷಣವೆಂದು ಕವಿಗಳು ತಣಿಯದೆ ಹೊಗಳಿದ್ದಾರೆ. ಅದೇ ವಳಿ ಮುಖಕ್ಕೆ ಬಂದಿತೆಂದರೆ ಜರೆ. ಕನ್ನಡದ ತೆರೆಯೂ ಹೀಗೆಯೇ ಎರಡರ್ಥದ್ದು: ಕೊಳದಲ್ಲಿದ್ದರೆ ಅಲೆ, ಗಲ್ಲದಲ್ಲಿದ್ದರೆ ಸುಕ್ಕು. ಒಂದೇ ಮಾತು ಒಂದೆಡೆ ಅಂದವನ್ನೂ ಇನ್ನೊಂದೆಡೆ ಅಂದದ ಅಳಿವನ್ನೂ ಹೇಳುವುದು ಕೇವಲ ಸ್ಥಾನಭೇದದಿಂದಲೇ ಎಂದು ತೋರಬಹುದು. ವಾಸ್ತವವಾಗಿ ಭೇದವಿರುವುದು ಮಡಿಕೆಯ ಸ್ವಭಾವದಲ್ಲಿ. ಎಳೆಯ ಮೈಯ ಮಡಿಕೆ ಬಾಗಿದಾಗ ಮೂಡಿ ನಿಮಿರಿದಾಗ ಮಾಯವಾಗುತ್ತದೆ. ಕೊಳದ ತೆರೆಯಂತೆ ಅದಕ್ಕೆ ಹಿಂದಿರುಗಿ ಹೋಗುವ ದಾರಿಯಿದೆ. ಮುದಿಮುಖದ ಮಡಿಕೆಗೆ ಆ ದಾರಿ ಮುಚ್ಚಿಹೋಗಿರುತ್ತದೆ. ಹೀಗೆ ಹಿಂದಿರುಗಿಸುವ ಶಕ್ತಿ ಎಲ್ಲಿದೆ, ಅದು ಹೇಗೆ ನಾಶವಾಗುತ್ತದೆ ಎಂಬುದೇ ಶಾಸ್ತ್ರದ ವಿಷಯ.

ತೊಗಲಿನಲ್ಲಿ ಹೊರಚರ್ಮವೆಂದೂ ಒಳಚರ್ಮವೆಂದೂ ಎರಡು ಮುಖ್ಯ ಪದರಗಳಿವೆ. ಹೊರಗಿನದು ತೆಳ್ಳಗಿನದು, ಬಣ್ಣವಿರುವುದು ಇಲ್ಲಿ. ಒಳಗಿನದು ದಪ್ಪವಾದುದು, ಬಿಗುವಿರುವುದು ಅಲ್ಲಿ. ನೀರನ್ನು ಕಳೆದು ತೂಗಿದರೆ ಒಳಚರ್ಮದ ತೂಕದಲ್ಲಿ ಸುಮಾರು ಮುಕ್ಕಾಲು ಪಾಲು ಕೊಲಾಜೆನ್ ಎಂಬ ಒಂದೇ ಬಗೆಯ ಪ್ರೋಟೀನು. ಹೆಸರು ಗ್ರೀಕ್ ಭಾಷೆಯ ಅಂಟು ಎಂಬರ್ಥದ ಶಬ್ದದಿಂದ ಬಂದುದು. ತೊಗಲು ಮೂಳೆಗಳನ್ನು ಕುದಿಸಿ ಬಡಗಿಗಳು ಅಂಟನ್ನು ಮಾಡುತ್ತಿದ್ದುದು ಈ ವಸ್ತುವಿನಿಂದಲೇ. ಇದರ ರಚನೆಯನ್ನು ಬಿಡಿಸಿ ತೋರಿಸಿದ ಕೀರ್ತಿಯಲ್ಲಿ ದಕ್ಷಿಣದೇಶಕ್ಕೆ ದೊಡ್ಡ ಪಾಲಿದೆ. ಮದರಾಸಿನಲ್ಲಿ ಜಿ. ಎನ್. ರಾಮಚಂದ್ರನ್ ಅವರೂ ಗೋಪೀನಾಥ ಕರ್ತಾ ಅವರೂ ೧೯೫೪ರಲ್ಲಿಯೂ ಮತ್ತೆ ೧೯೫೫ರಲ್ಲಿಯೂ ಪ್ರಕಟಿಸಿದ ಲೇಖನಗಳಲ್ಲಿ, ಮೂರು ಎಳೆಗಳು ಒಂದನ್ನೊಂದು ಸುತ್ತಿಕೊಂಡು ಹಗ್ಗದಂತೆ ಹೊಸೆದುಕೊಂಡಿವೆಯೆಂದು ತೋರಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಂಶೋಧನೆಯನ್ನು ಕಲಿತು, ಮುಂದೆ ಅಲ್ಲಿಗೇ ಹಿಂದಿರುಗಿದ ರಾಮಚಂದ್ರನ್ ಅವರ ಈ ಕಾರ್ಯವು ಕನ್ನಡನಾಡಿಗೂ ಪರಕೀಯವಲ್ಲ. ಮೂರೆಳೆಯ ಹುರಿ ಎಂಬ ಈ ಕಲ್ಪನೆ ಕವಿಗೆ ಹೊಳೆದಿದ್ದರೆ ಎಂತಹ ರೂಪಕವಾಗುತ್ತಿತ್ತೋ! ಅದು ಹೊಳೆದುದು ಕ್ಷಕಿರಣಗಳ ಚಿತ್ರವನ್ನು ಓದಬಲ್ಲ ಭೌತವಿಜ್ಞಾನಿಗೆ.

ಈ ಹುರಿಗಳು ಒಮ್ಮೆ ನೇಯಲ್ಪಟ್ಟರೆ ಬಹುಕಾಲ ಉಳಿಯುತ್ತವೆ. ಚರ್ಮದಲ್ಲಿರುವ ಕೊಲಾಜೆನ್‌ನ ಅರ್ಧಭಾಗವು ಬದಲಾಗಲು ಸುಮಾರು ೧೫ ವರ್ಷಗಳು ಹಿಡಿಯುತ್ತವೆಂದು ಲೆಕ್ಕ. ಆದುದರಿಂದ ಇಲ್ಲಿ ಆದ ಗಾಯವು ಬೇಗನೆ ಮರೆಯಾಗತಕ್ಕದ್ದಲ್ಲ. ಒಂದರಮೇಲೊಂದು ಕೂಡುತ್ತ ಹೋಗುತ್ತದೆ.

ಗಾಯವನ್ನುಂಟುಮಾಡುವುದು ಕಣ್ಣಿಗೆ ಕಾಣುವ ಬೆಳಕಲ್ಲ, ಸುಡುವ ಶಾಖವೂ ಅಲ್ಲ. ೧೮೦೧ರಲ್ಲಿ ಜರ್ಮನಿಯ ರಿಟ್ಟರ್ ಎಂಬಾತನು ಕಾಮನಬಿಲ್ಲಿನ ನೇರಳೆ ಬಣ್ಣದ ಆಚೆಗೆ, ಏನೂ ಕಾಣದ ಕಡೆಯಲ್ಲಿ, ಬೆಳ್ಳಿಯ ಲವಣವು ಇನ್ನೂ ಬೇಗನೆ ಕಪ್ಪಾಗುವುದನ್ನು ನೋಡಿ ಅಲ್ಲಿ ಅದೃಶ್ಯವಾದ ಕಿರಣಗಳಿವೆಯೆಂದು ಅರಿತನು. ಇವನ್ನು ಕನ್ನಡದಲ್ಲಿ ನೇರಳಾತೀತವೆನ್ನುವುದು ವಾಡಿಕೆಯಾಗಿದೆ. ಕನ್ನಡದ ನೇರಳೆಯನ್ನು ಸಂಸ್ಕೃತದ ಅತೀತಕ್ಕೆ ಸವರ್ಣದೀರ್ಘದಿಂದ ಬೆಸೆದ ಈ ಮಾತನ್ನು ಕೇಶಿರಾಜನು ಕೇಳಿದ್ದರೆ ಅರಿಸಮಾಸವೆಂದು ತಲೆ ಕೊಡಹುತ್ತಿದ್ದನು. ಆದರೆ ಶಾಲೆಯ ಪುಸ್ತಕಗಳು ಅದನ್ನು ಒಪ್ಪಿಕೊಂಡ ಮೇಲೆ ವೈಯಾಕರಣನ ಮಾತು ನಡೆಯುವಂತಿಲ್ಲ. ಇರಲಿ. ನೆಲವನ್ನು ಮುಟ್ಟುವ ನೇರಳಾತೀತ ಕಿರಣಗಳಲ್ಲಿ ಎರಡು ಬಗೆ. ೨೮೦ರಿಂದ ೩೧೫ ನ್ಯಾನೊಮೀಟರ್ ಅಲೆಯುದ್ದದವು 'ಬಿ' ವರ್ಗದವು. ಇವು ಹೊರಚರ್ಮದಲ್ಲಿಯೇ ಬಹುತೇಕ ತಡೆಯಲ್ಪಟ್ಟು ಅಲ್ಲಿ ಕೆಂಪನ್ನೂ ಉರಿಯನ್ನೂ ತರುತ್ತವೆ. ೩೧೫ರಿಂದ ೪೦೦ರವರೆಗಿನವು 'ಎ' ವರ್ಗದವು. ಒಟ್ಟಿನಲ್ಲಿ ಶೇಕಡಾ ೯೫ರಷ್ಟು ಇವೇ. ಇವು ಸದ್ದಿಲ್ಲದೆ ಒಳಚರ್ಮಕ್ಕೆ ಇಳಿಯುತ್ತವೆ.

ಇಳಿದ ಕಿರಣವು ಹುರಿಯನ್ನು ತಾನೇ ಕತ್ತರಿಸುತ್ತದೆಂದು ಊಹಿಸಿದರೆ ತಪ್ಪು. ಇಲ್ಲಿಯೇ ವಿಷಯದ ಸ್ವಾರಸ್ಯವಿರುವುದು. ಕಿರಣವು ಕೋಶಗಳಲ್ಲಿ ಆಮ್ಲಜನಕದ ಉಗ್ರರೂಪಗಳನ್ನು ಹುಟ್ಟಿಸುತ್ತದೆ. ಅವುಗಳಿಂದ ಕೋಶದೊಳಗೆ ಒಂದರಿಂದೊಂದಕ್ಕೆ ಸಂಕೇತಗಳು ಹರಿದು, ಕೊನೆಗೆ ಎಪಿ-೧ ಎಂಬ ನಿಯಾಮಕವು ಎಚ್ಚರಗೊಳ್ಳುತ್ತದೆ. ಅದರ ಅಪ್ಪಣೆಯಿಂದ ಕೋಶಗಳೇ ಕೊಲಾಜೆನ್‌ನ್ನು ಕಡಿಯುವ ಕಿಣ್ವಗಳನ್ನು ಹೊರಸೂಸುತ್ತವೆ. ಅವುಗಳಲ್ಲಿ ಮೊದಲನೆಯದು ಹುರಿಯನ್ನು ಒಂದು ಗೊತ್ತಾದ ಸ್ಥಳದಲ್ಲಿ, ಮುಕ್ಕಾಲು ಕಾಲುಗಳ ಎರಡು ತುಂಡಾಗಿ, ಕತ್ತರಿಸುತ್ತದೆ. ಉಳಿದವು ಆ ತುಂಡುಗಳನ್ನು ಇನ್ನಷ್ಟು ಸಣ್ಣದಾಗಿ ಕತ್ತರಿಸುತ್ತವೆ. ಅದೇ ನಿಯಾಮಕವು ಹೊಸ ಕೊಲಾಜೆನ್‌ನ ನೂಲುವಿಕೆಯನ್ನೂ ತಡೆಯುತ್ತದೆ. ಮನೆಯವರೇ ತೊಲೆಯನ್ನು ಕಡಿದು, ಹೊಸ ತೊಲೆ ಬಾರದಂತೆ ಬಾಗಿಲನ್ನೂ ಹಾಕಿದಂತೆ ಇದು. ಆಮೇಲೆ ರಿಪೇರಿ ನಡೆಯುವುದುಂಟು. ಆದರೆ ಪೂರ್ತಿಯಾಗಿ ಅಲ್ಲ. ಪ್ರತಿಸಲವೂ ಕಣ್ಣಿಗೆ ಕಾಣದಷ್ಟು ಸಣ್ಣದೊಂದು ಕಲೆ ಒಳಗೆ ಉಳಿಯುತ್ತದೆ. ತುಂಡಾದ ಹುರಿಗಳ ನಡುವೆ ಸಿಕ್ಕಿದ, ಕೊಲಾಜೆನ್ ನೂಲುವ ಕೋಶಗಳಿಗೆ ಹಿಡಿದುಕೊಳ್ಳಲು ಆಧಾರ ತಪ್ಪುತ್ತದೆ. ಎಳೆತವಿಲ್ಲದೆ ಅವು ಕುಗ್ಗಿ ನೂಲುವುದನ್ನು ಕಡಮೆಮಾಡಿ ಕಡಿಯುವ ಕಿಣ್ವವನ್ನೇ ಹೆಚ್ಚಿಸುತ್ತವೆ. ಅಮೇರಿಕದ ಮಿಷಿಗನ್ ವಿಶ್ವವಿದ್ಯಾನಿಲಯದ ಫಿಷರ್, ವೂರ್ಹೀಸ್ ಮತ್ತು ಅವರ ಸಂಗಡಿಗರು ೧೯೯೬ರಲ್ಲಿಯೂ ೧೯೯೭ರಲ್ಲಿಯೂ ಮನುಷ್ಯರ ಚರ್ಮದಲ್ಲಿಯೇ ಪರೀಕ್ಷಿಸಿ ಈ ಕ್ರಮವನ್ನು ಸ್ಥಾಪಿಸಿದರು. ಅವರು ಕಂಡ ಇನ್ನೊಂದು ಸಂಗತಿಯನ್ನು ಮುಂದಿನ ವಿಚಾರಕ್ಕಾಗಿ ನೆನಪಿನಲ್ಲಿಡಬೇಕು: ಚರ್ಮವು ಕೆಂಪಾಗಲು ಬೇಕಾದುದಕ್ಕಿಂತ ಬಹಳ ಕಡಮೆ ಪ್ರಮಾಣದ ಕಿರಣವೇ ಈ ಕಿಣ್ವಗಳನ್ನು ಎಬ್ಬಿಸಲು ಸಾಕು.

ಕಾಲದ ಪಾಲೆಷ್ಟು, ಬಿಸಿಲಿನ ಪಾಲೆಷ್ಟು ಎಂಬುದನ್ನು ಒಬ್ಬನೇ ಮುದುಕನ ಮೈಮೇಲೆ ಓದಬಹುದು. ತೋಳಿನ ಒಳಭಾಗದಂತೆ ಬಿಸಿಲು ಮುಟ್ಟದ ಕಡೆಯಲ್ಲಿ ಚರ್ಮವು ತೆಳುವಾಗಿ ಸಡಿಲವಾಗಿ ನವಿರಾದ ಗೆರೆಗಳನ್ನು ಮಾತ್ರ ಪಡೆದಿರುತ್ತದೆ. ಮುಖ, ಕತ್ತು, ಮುಂಗೈಗಳಲ್ಲಿ ಒರಟಾದ ಆಳವಾದ ಸುಕ್ಕುಗಳಿರುತ್ತವೆ. ಅಮೇರಿಕದ ವೈದ್ಯಪತ್ರಿಕೆಯೊಂದು ೨೦೧೨ರಲ್ಲಿ ಪ್ರಕಟಿಸಿದ ಚಿತ್ರವು ಇದಕ್ಕೆ ಪ್ರಸಿದ್ಧವಾದ ದೃಷ್ಟಾಂತ. ಲಾರಿಯನ್ನು ೨೮ ವರ್ಷ ನಡೆಸಿದ ೬೯ ವಯಸ್ಸಿನ ಒಬ್ಬಾತನ ಮುಖದ ಎಡಭಾಗವು, ಎಂದರೆ ಕಿಟಕಿಯ ಕಡೆಯದು, ಬಲಭಾಗಕ್ಕಿಂತ ಬಹುವರ್ಷ ಹೆಚ್ಚು ಮುದಿಯಾಗಿ ಕಾಣುತ್ತಿತ್ತು. ಕಿಟಕಿಯ ಗಾಜು 'ಬಿ' ಕಿರಣಗಳನ್ನು ತಡೆದು 'ಎ' ಕಿರಣಗಳನ್ನು ಒಳಗೆ ಬಿಟ್ಟಿತ್ತು. ಎರಡು ಗಲ್ಲಗಳಿಗೂ ಕಾಲವೊಂದೇ; ತೆರೆಗಳು ಮಾತ್ರ ಬೇರೆ.

ಈಗ ಕಾವ್ಯಕ್ಕೆ ಬರಬಹುದು. ಸುಕ್ಕು ಎಲ್ಲಿ ಮೂಡುತ್ತದೆಂಬುದನ್ನು ಹಿಂದಿನವರು ಸರಿಯಾಗಿಯೇ ಕಂಡಿದ್ದರು. ಭರ್ತೃಹರಿಯು ವೈರಾಗ್ಯಶತಕದಲ್ಲಿ ನರೆಯನ್ನು ತಲೆಗೆ ಹೇಳಿ ವಲಿಗೆ ಮುಖವನ್ನೇ ನೆಲೆಯಾಗಿ ಕೊಟ್ಟಿದ್ದಾನೆ. ಮುಪ್ಪಿನ ಗುರುತುಗಳನ್ನು ಒಂದೊಂದಾಗಿ ಎಣಿಸಿ, ಅವು ಬರುವ ಮುನ್ನವೇ ಪೂಜೆಯಲ್ಲಿ ತೊಡಗೆಂದು ಎಚ್ಚರಿಸುವ ಬಸವಣ್ಣನವರ ಪ್ರಸಿದ್ಧ ವಚನದಲ್ಲಿಯೂ ತೆರೆಯ ಸ್ಥಾನ ಮುಖವೇ. ಆ ವಚನದಲ್ಲಿ ಹಲ್ಲು, ಬೆನ್ನು, ಕಾಲು ಇವೆಲ್ಲಕ್ಕೂ ಸರದಿ ಬರುತ್ತದೆ. ಅವುಗಳ ಕುಂದು ಬಿಸಿಲಿನಿಂದಾದುದಲ್ಲ. ತೆರೆಯೊಂದು ಮಾತ್ರ ಹೊರಗಿನಿಂದ ಬಂದು ಆ ಸಾಲಿನಲ್ಲಿ ನಿಂತಿದೆ. ವಚನದ ಬಲ ಇದರಿಂದ ಕುಗ್ಗುವುದಿಲ್ಲ. ದೇಹವು ನಿಲ್ಲದೆಂಬುದೇ ಅಲ್ಲಿಯ ಮಾತು, ಏಕೆ ನಿಲ್ಲದೆಂಬುದಲ್ಲ.

ಸ್ಥಾನವನ್ನು ಕಂಡವರು ಕಾರಣವನ್ನು ಕಾಣದಿದ್ದುದು ಹೇಗೆ? ಸಾಕ್ಷ್ಯವಿಲ್ಲದೆ ಅಲ್ಲ. ಪಾಣಿನಿಯ ಅಷ್ಟಾಧ್ಯಾಯಿಯ ಮೂರನೆಯ ಅಧ್ಯಾಯದ ಎರಡನೆಯ ಪಾದದಲ್ಲಿ ೩೬ನೆಯ ಸೂತ್ರವೊಂದಿದೆ. ಅದರಿಂದ ಎರಡು ಶಬ್ದಗಳು ಸಿದ್ಧಿಸುತ್ತವೆ. ಒಂದು ಅಸೂರ್ಯಂಪಶ್ಯಾ, ಸೂರ್ಯನನ್ನು ಕಾಣದವಳು; ಇನ್ನೊಂದು ಲಲಾಟಂತಪ, ಹಣೆಯನ್ನು ಸುಡುವವನು. ಕಾಶಿಕಾವೃತ್ತಿಯು ಮೊದಲನೆಯದಕ್ಕೆ ಅರಸನ ಮಡದಿಯರನ್ನೂ ಎರಡನೆಯದಕ್ಕೆ ಸೂರ್ಯನನ್ನೂ ಉದಾಹರಿಸುತ್ತದೆ; ನೋಡದೆ ಇರಲಾಗದ ಸೂರ್ಯನನ್ನೂ ನೋಡದಷ್ಟು ಕಾಪಿನಲ್ಲಿ ಅವರಿದ್ದರೆಂದು ವಿವರಿಸುತ್ತದೆ. ಸೂತ್ರಕಾರನಿಗೆ ಬೇಕಾದುದು ಒಂದು ಪ್ರತ್ಯಯ. ಚರ್ಮದ ಚಿಂತೆ ಆತನಿಗಿರಲಿಲ್ಲ. ಆದರೂ ಬಿಸಿಲು ತಾಗದ ಮೈಯನ್ನೂ ಬಿಸಿಲು ಸುಡುವ ಹಣೆಯನ್ನೂ ಒಂದೇ ಸೂತ್ರವು ಅಕ್ಕಪಕ್ಕದಲ್ಲಿಟ್ಟಿದೆ. ಇವೆರಡನ್ನೂ ಹೋಲಿಸಿ ನೋಡುವ ಕಣ್ಣಿದ್ದಿದ್ದರೆ ಶಾಸ್ತ್ರಜ್ಞರು ಪ್ರಯೋಗಶಾಲೆಯಲ್ಲಿ ಕಂಡುದರ ಅರ್ಧಭಾಗವು ಅಂತಃಪುರದ ಬಾಗಿಲಿನಲ್ಲಿಯೇ ಕಾಣುತ್ತಿತ್ತು. ರಾಜಚಿಹ್ನೆಯ ವಿಷಯವೂ ಹೀಗೆಯೇ. ಆತಪತ್ರವೆಂದರೆ ಬಿಸಿಲಿನಿಂದ ಕಾಪಾಡುವುದು. ಏಕಾತಪತ್ರವಾದ ರಾಜ್ಯವೆಂದು ಸಂಸ್ಕೃತದ ಕವಿಗಳೂ, ಬೆಳ್ಗೊಡೆಯ ನೆಳಲೆಂದು ಹಳಗನ್ನಡದ ಕವಿಗಳೂ ಅರಸುತನವನ್ನು ಹೊಗಳುವಾಗ, ನೆಳಲೇ ಐಶ್ವರ್ಯದ ಮೊದಲ ಗುರುತೆಂಬುದನ್ನು ಅರಿತೇ ಹೇಳುತ್ತಿದ್ದರು. ಆ ನೆಳಲಿಗೆ ಮುಖದಲ್ಲಿಯೂ ಒಂದು ಬೆಲೆಯಿದೆಯೆಂಬ ಮುಂದಿನ ಮಾತನ್ನು ಮಾತ್ರ ಕಾವ್ಯಸಂಪ್ರದಾಯವು ಬೆಳಸಲಿಲ್ಲ.

ಇಲ್ಲಿ ಕಾಳಿದಾಸನನ್ನು ಪ್ರತ್ಯೇಕವಾಗಿ ಪರಿಶೀಲಿಸುವುದು ಯುಕ್ತ. ರಘುವಂಶದ ಹನ್ನೆರಡನೆಯ ಸರ್ಗದ ಆದಿಯಲ್ಲಿ ಮುಪ್ಪು ದಶರಥನ ಕಿವಿಯ ಬುಡಕ್ಕೆ ಬಂದು, ಕೈಕೇಯಿ ಕೇಳಿಯಾಳೆಂಬ ಶಂಕೆಯಿಂದಲೋ ಎಂಬಂತೆ, ರಾಮನಿಗೆ ರಾಜ್ಯವನ್ನು ಕೊಡೆಂದು ಪಿಸುಗುಟ್ಟುತ್ತದೆ. ಬಂದುದು ನರೆಯ ವೇಷದಲ್ಲಿ. ಸುಕ್ಕಿನ ಮಾತೇ ಇಲ್ಲ. ಶಾಕುಂತಲದ ಐದನೆಯ ಅಂಕದಲ್ಲಿ ವೃದ್ಧ ಕಂಚುಕಿಯು ತನ್ನ ಮುಪ್ಪನ್ನು ಹೇಳಿಕೊಳ್ಳುವಾಗ, ಅಧಿಕಾರದ ಗುರುತಾಗಿ ಹಿಡಿದ ಬೆತ್ತವೇ ಈಗ ತಡವರಿಸುವ ನಡೆಗೆ ಊರುಗೋಲಾಯಿತೆನ್ನುತ್ತಾನೆ. ಅಲ್ಲಿಯೂ ತೊಗಲಿನ ಪ್ರಸ್ತಾಪವಿಲ್ಲ. ಒಬ್ಬನು ಬೆಳ್ಗೊಡೆಯ ಕೆಳಗಿನವನು. ಇನ್ನೊಬ್ಬನು ಅಂತಃಪುರದಲ್ಲಿಯೇ ಆಯುಷ್ಯವನ್ನು ಕಳೆದವನು, ಕಂಚುಕದಿಂದಲೇ ಹೆಸರನ್ನು ಪಡೆದವನು. ನೆಳಲಿನಲ್ಲಿ ಮುದಿಯಾದವರ ಮುಪ್ಪನ್ನು ಕೂದಲಿನಲ್ಲಿಯೂ ನಡಗೆಯಲ್ಲಿಯೂ ತೋರಿಸಿದ ಕವಿಯ ಆಯ್ಕೆ ಇಂದಿನ ಶಾಸ್ತ್ರಕ್ಕೆ ಚೆನ್ನಾಗಿ ಒಪ್ಪುತ್ತದೆ. ಇದು ಬೇಕೆಂದು ಮಾಡಿದುದೆಂದು ಸಾಧಿಸಲಾಗುವುದಿಲ್ಲ. ನರೆಯು ಒಂದು ದಿನ ಥಟ್ಟನೆ ಕಾಣಿಸಿಕೊಳ್ಳುವುದರಿಂದ ದೂತನ ಪಾತ್ರಕ್ಕೆ ಅದೇ ತಕ್ಕುದು, ಮೆಲ್ಲಮೆಲ್ಲನೆ ಬರುವ ಸುಕ್ಕು ಯಾರಿಗೂ ಸುದ್ದಿಯನ್ನು ತರಲಾರದು, ಎಂಬ ಕಾರಣವೂ ಸಾಕಾಗುತ್ತದೆ. ಪಾಳಿಯ ಮಖಾದೇವಜಾತಕದಲ್ಲಿ ಅರಸನಿಗೆ ವೈರಾಗ್ಯವನ್ನು ತರುವುದೂ ಒಂದು ನರೆಗೂದಲೇ. ಆದರೂ ವಲೀಪಲಿತವೆಂಬ ಸಿದ್ಧಸಾಮಗ್ರಿ ಎದುರಿಗಿರುವಾಗ ಅದರಲ್ಲಿ ಅರ್ಧವನ್ನೇ ಎತ್ತಿಕೊಂಡು ಅರ್ಧವನ್ನು ಬಿಟ್ಟುದು ನೋಟದ ಫಲವೇ ಹೊರತು ರೂಢಿಯ ಫಲವಲ್ಲ. ಎರಡನ್ನೂ ಒಟ್ಟಿಗೆ ಸುರಿದು, ಅವುಗಳ ಜೊತೆಗೆ ಉಬ್ಬಸ ಕೆಮ್ಮುಗಳನ್ನೂ ಸೇರಿಸಿ, ಜರೆಯ ಪಟ್ಟಿಯನ್ನು ಒದಗಿಸುವ ಎಷ್ಟೋ ವರ್ಣನೆಗಳಲ್ಲಿ ಈ ವಿವೇಕ ಕಾಣುವುದಿಲ್ಲ.

ಅದೇ ಕಾಳಿದಾಸನ ಇನ್ನೊಂದು ಸ್ಥಳದಲ್ಲಿ ಶಾಸ್ತ್ರವು ಬೇರೆ ರೀತಿಯ ಬೆಳಕನ್ನು ಬೀರುತ್ತದೆ. ಶಾಕುಂತಲದ ಎರಡನೆಯ ಅಂಕದಲ್ಲಿ ಸೇನಾಪತಿಯು ಬೇಟೆಯಿಂದ ದುಷ್ಯಂತನ ಮೈ ಹೇಗೆ ಗಟ್ಟಿಯಾಗಿದೆಯೆಂದು ಹೊಗಳುತ್ತ, ಅದು ಸೂರ್ಯಕಿರಣವನ್ನು ಸಹಿಸಬಲ್ಲುದೆಂಬ ವಿಶೇಷಣವನ್ನು ಸೇರಿಸುತ್ತಾನೆ. ಬೆವರಿಲ್ಲ, ಬಳಲಿಕೆಯಿಲ್ಲ, ಆದುದರಿಂದ ಸಹಿಷ್ಣು. ಸಹಿಷ್ಣುತೆಗೆ ಹೊರಗೆ ಕಾಣುವ ಗುರುತಿಲ್ಲದಿರುವುದೇ ಇಲ್ಲಿ ಪ್ರಮಾಣ. ಮೇಲೆ ನೆನಪಿನಲ್ಲಿಡಬೇಕೆಂದ ಸಂಗತಿ ಈಗ ಉಪಯೋಗಕ್ಕೆ ಬರುತ್ತದೆ: ಚರ್ಮವು ಕೆಂಪಾಗದೆ, ಉರಿಯದೆ, ಯಾವ ದೂರನ್ನೂ ಹೇಳದೆ ಇರುವಾಗಲೂ ಒಳಗೆ ಹುರಿಗಳು ಕತ್ತರಿಸಲ್ಪಡುತ್ತಿರುತ್ತವೆ. ಸಹಿಸುವುದು ಬೇರೆ, ನೋಯದಿರುವುದು ಬೇರೆ. ಆ ವಿಶೇಷಣವನ್ನು ಆಡುವವನು ರಾಜನ ಮೃಗಯಾವ್ಯಸನವನ್ನು ಗುಣವಾಗಿ ತಿರುಗಿಸಬೇಕಾಗಿರುವ ಸೇವಕನೆಂಬುದನ್ನೂ ಗಮನಿಸಬೇಕು. ಮುಖಸ್ತುತಿಯ ಮಾತು ಮೇಲ್ಮೈಯನ್ನು ಮೀರಿ ಹೋಗದು. ನಾಟಕಕ್ಕೆ ಅದೇ ಉಚಿತ. ತರಗತಿಯಲ್ಲಿ ಈ ಪದ್ಯವನ್ನು ಕೇವಲ ವ್ಯಾಯಾಮಪ್ರಶಂಸೆಯಾಗಿ ವಿವರಿಸುವ ಉಪಾಧ್ಯಾಯರು ಸೇನಾಪತಿಯ ಧ್ವನಿಯನ್ನು ಕಳೆದುಕೊಳ್ಳುತ್ತಾರೆ.

ಯಯಾತಿಯ ಕಥೆಯು ಈ ವಿಚಾರಕ್ಕೆ ಎದುರುಬದಿಯ ನಿದರ್ಶನ. ಶುಕ್ರನ ಶಾಪದಿಂದ ಬಂದ ಜರೆಗೆ ಕಾಲವೂ ಬೇಡ, ಬಿಸಿಲೂ ಬೇಡ. ಅದು ಒಡವೆಯಂತೆ ತಂದೆಯ ಮೈಯಿಂದ ಮಗನ ಮೈಗೆ ದಾಟತಕ್ಕದ್ದು. ಗಿರೀಶ ಕಾರ್ನಾಡರು ೧೯೬೧ರಲ್ಲಿ ತಮ್ಮ ನಾಟಕಕ್ಕೆ ಇದನ್ನು ವಸ್ತುವಾಗಿ ತೆಗೆದುಕೊಂಡಾಗಲೂ ಕೈಬದಲಾಗುವ ಈ ಮುಪ್ಪೇ ಅದರ ತಿರುಳಾಗಿ ಉಳಿಯಿತು. ಇಂತಹ ಕಡೆ ಶಾಸ್ತ್ರವನ್ನು ಎಳೆದು ತರುವುದು ಅರಸಿಕತೆ.

ಆಕ್ಷೇಪಗಳೂ ಇಲ್ಲದಿಲ್ಲ. ಈ ದೇಶದವರ ಕಪ್ಪು ಕಂದು ಬಣ್ಣದ ಚರ್ಮದಲ್ಲಿ ಮೆಲನಿನ್ ಎಂಬ ವರ್ಣದ್ರವ್ಯವು ಹೇರಳವಾಗಿದ್ದು ಕಿರಣಗಳನ್ನು ತಡೆಯುವುದರಿಂದ, ಬಿಳಿಯ ಜನರಿಗಿಂತ ಇಲ್ಲಿ ಸುಕ್ಕು ತಡವಾಗಿ ಬರುತ್ತದೆ. ಬಿಸಿಲಿನ ಪರಿಣಾಮವು ಮೊದಲು ಬಣ್ಣದ ಏರುಪೇರಾಗಿ, ಕಪ್ಪುಕಲೆಗಳಾಗಿ ತೋರುತ್ತದೆ. ಹೀಗಿರುವಾಗ ಬಿಸಿಲು ಬಾಡಿಸಿದ ಬಣ್ಣವನ್ನು ಕಂಡು, ಬಿಸಿಲು ಮಡಿಸಿದ ತೊಗಲನ್ನು ಕವಿಗಳು ಕಾಣದಿದ್ದರೆ ಆಶ್ಚರ್ಯವೇನು ಎನ್ನಬಹುದು. ಈ ಮಾತಿನಲ್ಲಿ ಸತ್ಯವಿದೆ. ವನವಾಸದಲ್ಲಿ ಕಂದಿದ ಮೈಗಳನ್ನು ಕಾವ್ಯಗಳು ಬಲ್ಲವು. ಕಾಲದ ಕೈವಾಡವೂ ಸುಳ್ಳಲ್ಲ: ಪ್ರೌಢವಯಸ್ಸಿನಿಂದ ಮುಂದೆ ಚರ್ಮದ ಕೊಲಾಜೆನ್ ವರ್ಷಕ್ಕೆ ಸುಮಾರು ಶೇಕಡಾ ೧ರಂತೆ ತಾನಾಗಿಯೇ ಕುಗ್ಗುತ್ತದೆ, ತಂಬಾಕಿನ ಹೊಗೆಯೂ ತನ್ನ ಪಾಲನ್ನು ಸೇರಿಸುತ್ತದೆ. ಆದುದರಿಂದ ಕವಿಗಳನ್ನು ತಪ್ಪಿತಸ್ಥರೆಂದು ಹೇಳುವಂತಿಲ್ಲ. ಆಕ್ಷೇಪಕ್ಕೆ ಸಿಕ್ಕದೆ ಉಳಿಯುವ ಅಂಶವೊಂದೇ: ಅವರು ಯಾರ ಮುಖವನ್ನು ನೋಡಿ ಬರೆದರು?

ಬಿಸಿಲಿನಿಂದ ತೊಗಲು ಕೆಡುವುದನ್ನು ಯೂರೋಪಿನಲ್ಲಿ ಮೊದಲು ಕ್ರಮವಾಗಿ ಬರೆದಿಟ್ಟವರು ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದ ಇಬ್ಬರು ವೈದ್ಯರು. ಹ್ಯಾಂಬರ್ಗಿನ ಊನ್ನಾ ಎಂಬಾತನು ನಾವಿಕರ ಮುಖವನ್ನು ನೋಡಿದನು. ಬೋರ್ಡೋದ ದ್ಯುಬ್ರೋಯ್ ಎಂಬಾತನು ದ್ರಾಕ್ಷಿತೋಟದ ಆಳುಗಳನ್ನು ನೋಡಿದನು. ಇಬ್ಬರೂ ನೋಡಿದ್ದು ದುಡಿಯುವವರನ್ನು. ಭಾರತದ ಮಹಾಕಾವ್ಯವು ಬಹುಮಟ್ಟಿಗೆ ನೋಡಿದ್ದು ಕೊಡೆಯ ಕೆಳಗಿನವರನ್ನೂ, ಅಂತಃಪುರದವರನ್ನೂ, ಆಶ್ರಮದ ಮರಗಳ ನೆಳಲಿನವರನ್ನೂ. ಅಂತಹವರಲ್ಲಿ ಸುಕ್ಕು ಬರುವುದು ನಿಜಕ್ಕೂ ವಯಸ್ಸಾದ ಮೇಲೆಯೇ. ಆದುದರಿಂದ ಸುಕ್ಕಿಗೂ ವಯಸ್ಸಿಗೂ ಅವರು ಕಲ್ಪಿಸಿದ ನಂಟು ತಮ್ಮ ಪಾತ್ರಗಳ ಮಟ್ಟಿಗೆ ಸಾಧುವೇ. ಅದನ್ನು ಹೊಲದವರಿಗೂ ಅನ್ವಯಿಸಿದಾಗ ಮಾತ್ರ ಅದು ತಪ್ಪುದಾರಿಗೆ ಎಳೆಯುತ್ತದೆ.

ಹೀಗೆ ಅನ್ವಯಿಸುವ ಸಂದರ್ಭವು ಹೊಸ ಸಾಹಿತ್ಯದಲ್ಲಿ ಒದಗಿತು. ಶಿವರಾಮ ಕಾರಂತರ ಚೋಮನ ದುಡಿ ೧೯೩೩ರಲ್ಲಿ ಹೊರಬಂದು, ಗೇಯುವ ಮನುಷ್ಯನು ಕಥೆಯ ನಡುವೆ ನಿಂತಮೇಲೆ, ಅಂತಹವರ ಮುಖವನ್ನು ವರ್ಣಿಸಲು ಲೇಖಕರಿಗೆ ಪಿತ್ರಾರ್ಜಿತವಾಗಿ ಸಿಕ್ಕಿದ್ದು ಅದೇ ಹಳೆಯ ಜರೆಯ ಪರಿಭಾಷೆ. ನಲವತ್ತರ ಒಕ್ಕಲಿಗನ ಮುಖದ ಸುಕ್ಕನ್ನು ಅಕಾಲವಾರ್ಧಕ್ಯವೆಂದೋ ಚಿಂತೆಯ ಗೆರೆಯೆಂದೋ ಹೇಳಿಬಿಡುವುದು ವಾಡಿಕೆಯಾಯಿತು. ವಿದ್ಯಾರ್ಥಿಗಳಿಗೂ ಹಾಗೆಯೇ ಕಲಿಸಲಾಗುತ್ತದೆ. ಆ ಗೆರೆಗಳು ಚಿಂತೆಯವೂ ಅಲ್ಲ, ಮುಪ್ಪಿನವೂ ಅಲ್ಲ. ಬಿತ್ತನೆಯಿಂದ ಕುಯ್ಲಿನವರೆಗೆ ಆತನು ಬಯಲಿನಲ್ಲಿ ಕಳೆದ ಹಗಲುಗಳ ಲೆಕ್ಕ. ಅದೇ ವಯಸ್ಸಿನ ಶ್ಯಾನುಭೋಗನ ಮುಖದಲ್ಲಿ ಅವು ಇರುವುದಿಲ್ಲ, ಆತನಿಗೆ ಚಿಂತೆ ಎಷ್ಟೇ ಇರಲಿ.

ವೈದ್ಯರು ಬಿಸಿಲಿನ ಅತ್ಯಂತ ಸ್ಪಷ್ಟವಾದ ಬರಹವನ್ನು ಓದುವುದು ಮುಖದಲ್ಲಿಯೂ ಅಲ್ಲ, ಕತ್ತಿನ ಹಿಂಭಾಗದಲ್ಲಿ. ಬಗ್ಗಿ ದುಡಿಯುವವರ ಹೆಗ್ಗತ್ತಿನಲ್ಲಿ ತೊಗಲು ದಪ್ಪವಾಗಿ, ಅಡ್ಡಡ್ಡಲಾಗಿ ಓರೆಯಾಗಿ ಆಳವಾದ ಗೀರುಗಳು ಹಾಯ್ದು, ಓರೆಚೌಕಗಳ ಜಾಲವಾಗಿ ಒಡೆದಿರುತ್ತದೆ. ಬಿರುಬೇಸಗೆಯ ಎರೆಭೂಮಿಯನ್ನು ಕಂಡವರಿಗೆ ಹೋಲಿಕೆಯನ್ನು ಹುಡುಕಬೇಕಾಗಿಲ್ಲ. ಕಾಲಿನ ಉಗುರಿನಿಂದ ಮುಡಿಯವರೆಗೆ ಅಂಗಾಂಗಗಳನ್ನು ಕ್ರಮವಾಗಿ ವರ್ಣಿಸುವ ಸಂಪ್ರದಾಯದಲ್ಲಿ ಕೊರಳಿಗೆ ಶಂಖದ ಉಪಮೆ ಇದೆ, ಅದೂ ಮುಂದಿನಿಂದ ನೋಡಿದ ಕೊರಳಿಗೆ. ಹೆಗ್ಗತ್ತಿಗೆ ಉಪಮೆಯಿಲ್ಲ, ಅದನ್ನು ನೋಡಬೇಕಾದರೆ ಬಗ್ಗಿ ಕೆಲಸಮಾಡುವವನ ಹಿಂದೆ ನಿಲ್ಲಬೇಕು.